ಬಗ್ಗಿದ್ದು ವಾಪಸ್ ಬರಬೇಕು

ಹೋದ ವರ್ಷ ಮೇ ಕೊನೆ. ಇನ್ನೇನು ಮಳೆ ಹಿಡಿಯಬೇಕು ಅನ್ನುವಾಗ ಚಿಕ್ಕಮ್ಮ ನಾನು ಮಾಡಿಕೊಟ್ಟಿದ್ದ ಮಡಚುವ ಚಾಕುವನ್ನು ವಾಪಸ್ ತಂದರು. ಕರ್ಚೀಫಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟು, "ಇದು ನಿಲ್ಲಲ್ಲ ಕಣೋ ಮಾರಾಯ" ಅಂದರು. ಅಲಗು ತೆರೆದು ಕೈ ಅಲ್ಲಾಡಿಸಿ ತೋರಿಸಿದರು. ಚಿಲಕ ಇಲ್ಲದ ಬಾಗಿಲಿನ ಹಾಗೆ ಅಲಗು ಆ ಕಡೆ ಈ ಕಡೆ ಓಲಾಡಿತು. ಅವರ ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ನಾನು ಕಾಫಿ ಮಾಡಿಕೊಟ್ಟೆ. ಅವರು ಕುಡಿದು ಬಸ್ಸಿಗೆ ಹೊರಟರು.

ಚಿಕ್ಕಮ್ಮನದು ಮೂಡಿಗೆರೆ ಹತ್ತಿರ ಒಂದು ಸಣ್ಣ ನರ್ಸರಿ. ಬೆಣ್ಣೆಹಣ್ಣಿನ ಕಸಿ ಗಿಡ ಮಾಡುತ್ತಾರೆ. ಹಿಪ್ಪಲಿ ಬುಡಕ್ಕೆ ಕಾಳುಮೆಣಸಿನ ಕುಡಿ ಕಸಿ ಕಟ್ಟುತ್ತಾರೆ. ನೀರು ನಿಲ್ಲುವ ಜಾಗದಲ್ಲೂ ಹಿಪ್ಪಲಿ ಬೇರು ತಡೆದುಕೊಳ್ಳುತ್ತದೆ, ಸೊರಗು ರೋಗಕ್ಕೆ ಬೇಗ ಬಲಿಯಾಗುವುದಿಲ್ಲ ಅಂತ ಮಲೆನಾಡಿನಲ್ಲಿ ಅದಕ್ಕೆ ಬೇಡಿಕೆ ಇದೆ. ಕಸಿ ಕೆಲಸದಲ್ಲಿ ಕುಡಿಯ ತುದಿಯನ್ನು ಎರಡೂ ಕಡೆ ಒಂದೇ ಎಳೆತಕ್ಕೆ ಸೀಳಬೇಕು. ಎರಡನೇ ಸಲ ಕೆರೆದರೆ ಗಾಯ ಒರಟಾಗುತ್ತದೆ, ಕೂಡಿಕೊಳ್ಳುವುದಿಲ್ಲ. ಆ ಒಂದು ಎಳೆತದಲ್ಲಿ ಅಲಗು ಕೂದಲೆಳೆಯಷ್ಟೂ ಅಲುಗಬಾರದು. ದಿನಕ್ಕೆ ಇನ್ನೂರು ಗಿಡ ಕಟ್ಟುವವರ ಕೈಗೆ ಓಲಾಡುವ ಚಾಕು ಕೊಟ್ಟಿದ್ದೆ ನಾನು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಭಾನುವಾರ ಮನೆ ಹಿಂದಿನ ಶೆಡ್ಡಿನಲ್ಲಿ ಚಾಕು ಮಾಡುತ್ತೇನೆ. ಅಲಗು ಮಾಡುವುದು ಸುಮಾರಾಗಿ ಕೈಗೆ ಬಂದಿದೆ. ಹಿಡಿಗೆ ಹಳೇ ಅರೇಬಿಕಾ ಬುಡ ಬಳಸುತ್ತೇನೆ. ಕಾಫಿ ಮರ ಗಟ್ಟಿ, ನವಿರು. ನಿಧಾನಕ್ಕೆ ಒಣಗಿಸಿದರೆ ಸೀಳು ಬಿಡುವುದಿಲ್ಲ. ಆದರೆ ಅಲಗನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಮಾತ್ರ ನನ್ನನ್ನು ಒಂದೂವರೆ ವರ್ಷ ಓಡಾಡಿಸಿತು.

ಇಂಥ ಚಾಕುವಿನಲ್ಲಿ ಲಾಕ್ ಅನ್ನುವುದು ಇರುವುದಿಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದರ ಒಂದು ತುದಿಗೂ ನಡುವಿಗೂ ಒಂದೊಂದು ಪಿನ್ನು ಹೊಡೆದಿರುತ್ತದೆ. ಇನ್ನೊಂದು ತುದಿ ಬಿಡುವಾಗಿರುತ್ತದೆ. ಆ ತುದಿ ಅಲಗಿನ ಬುಡವನ್ನು ಯಾವಾಗಲೂ ಒತ್ತಿಕೊಂಡೇ ಇರುತ್ತದೆ. ಅಲಗಿನ ಬುಡ ಚೌಕಾಕಾರ. ತೆರೆಯುವಾಗ ಚೌಕದ ಮೂಲೆ ಬಂದು ಸ್ಪ್ರಿಂಗನ್ನು ಮೇಲಕ್ಕೆ ಎತ್ತುತ್ತದೆ. ಮೂಲೆ ದಾಟಿದ ತಕ್ಷಣ ಸ್ಪ್ರಿಂಗ್ ಕೆಳಗೆ ಬಿದ್ದು ಚಪ್ಪಟೆ ಭಾಗದ ಮೇಲೆ ಕೂರುತ್ತದೆ. ಆಗ 'ಟಕ್' ಅನ್ನುತ್ತದೆ. ಮುಚ್ಚುವಾಗಲೂ ಹಾಗೇ. ಅಲಗನ್ನು ಜಾಗದಲ್ಲಿ ಹಿಡಿದಿಡುವುದು ಆ ಒತ್ತಡ ಒಂದೇ. ನನ್ನ ಚಾಕುವಿನಲ್ಲಿ ಬಿಡುವಾದ ತೋಳಿನ ಉದ್ದ 45 ಮಿ.ಮೀ. ಚಾಕು ತೆರೆದಾಗಲೆಲ್ಲ ಅದು ಹೆಚ್ಚುಕಮ್ಮಿ 2 ಮಿ.ಮೀ. ಎದ್ದು ಕೂರಬೇಕು. ಅಷ್ಟೇ ಕೆಲಸ. ಆದರೆ ಅದನ್ನು ಸಾವಿರಾರು ಸಲ ಮಾಡಬೇಕು.

ನನ್ನ ಮೊದಲ ಸ್ಪ್ರಿಂಗ್ ಮುರಿದಿತ್ತು. ಅದಕ್ಕೆ ಕಾರಣ ಸರಳ, ಆದರೆ ನನಗೆ ಹೊಳೆದದ್ದು ತಡವಾಗಿ. ಬೆಂಗಳೂರಿನಿಂದ ತರಿಸಿದ ಸಿ-75 ಅನ್ನುವ ಉಕ್ಕಿನ ಪಟ್ಟಿಯಲ್ಲಿ ಅಲಗು, ಸ್ಪ್ರಿಂಗ್ ಎರಡನ್ನೂ ಕತ್ತರಿಸಿದ್ದೆ. ಅದರಲ್ಲಿ ಇಂಗಾಲ ಶೇಕಡಾ ಮುಕ್ಕಾಲು, ಅಂದರೆ 0.75. ಎರಡನ್ನೂ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದೆ. ಅದ್ದಿದ ಉಕ್ಕು ಗಾಜಿನ ಹಾಗೆ. ಗಟ್ಟಿ, ಆದರೆ ಕೆಳಗೆ ಬಿದ್ದರೆ ಒಡೆಯುತ್ತದೆ. ಆ ಬಿರುಸು ಇಳಿಸಲು ಎರಡನೇ ಸಲ ಸಣ್ಣ ಶಾಖ ಕೊಡಬೇಕು. ಅಡುಗೆಮನೆಯ ಓಟಿಜಿ ಓವನ್ನಿನಲ್ಲಿ 200 ಡಿಗ್ರಿಗೆ ಎರಡನ್ನೂ ಒಟ್ಟಿಗೆ ಇಟ್ಟೆ. ಅಲಗಿಗೆ ಅದು ಸರಿಯಾದ ಹದ. ಕಾಫಿ ಬೀಜ ಹುರಿಯುವಾಗ ಚಟಪಟ ಅನ್ನಲು ಶುರುವಾಗುತ್ತದಲ್ಲ, ಹೆಚ್ಚುಕಮ್ಮಿ ಅದೇ ಶಾಖ. ಆದರೆ ಸ್ಪ್ರಿಂಗಿಗೆ ಅದು ಸಾಲದು. ಅಂಚು ಹಿಡಿದಿಡಬೇಕಾದ ಅಲಗಿನ ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ 58ರಿಂದ 60 ಇರಬೇಕು. ಸ್ಪ್ರಿಂಗ್ 46ರಿಂದ 50ಕ್ಕೆ ಇಳಿಯಬೇಕು. ಅದಕ್ಕೆ 300 ಡಿಗ್ರಿ ದಾಟಬೇಕು. ನನ್ನ ಓಟಿಜಿ 250ಕ್ಕೇ ನಿಲ್ಲುತ್ತದೆ.

ಮುರಿದದ್ದಕ್ಕೆ ಹೆದರಿ ಎರಡನೆಯದನ್ನು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿದೆ. ತೆಳು ತುದಿಗೆ ಶಾಖ ಜಾಸ್ತಿ ಹೋಗಿ ಮಂದವಾಗಿ ಕೆಂಪೇರಿತು. ಆವತ್ತು ಅದು ಚೆನ್ನಾಗಿಯೇ ಕೆಲಸ ಮಾಡಿತು. ನಾನು ಖುಷಿಯಿಂದ ಜೋಡಿಸಿ ಚಿಕ್ಕಮ್ಮನಿಗೆ ಕೊಟ್ಟೆ. ದಿನಾ ಸ್ವಲ್ಪ ಸ್ವಲ್ಪ ಬಗ್ಗುತ್ತಾ ಹೋಗಿ, ನಾಲ್ಕು ತಿಂಗಳಲ್ಲಿ ಒತ್ತುವುದನ್ನೇ ಬಿಟ್ಟಿತು. ಅದೇ ಚಾಕು ಕರ್ಚೀಫಿನಲ್ಲಿ ವಾಪಸ್ ಬಂದದ್ದು.

ಮೂರನೆಯದಕ್ಕೆ ನಾನು ಮಾಡಿದ ತಪ್ಪು ಇವೆರಡಕ್ಕಿಂತ ದೊಡ್ಡದು. ಯಾಕೆಂದರೆ ಅದು ಕೈತಪ್ಪಲ್ಲ, ತಲೆಯ ತಪ್ಪು. ಸ್ಪ್ರಿಂಗ್ ಸೋತಿದೆ ಅಂದರೆ ಅದಕ್ಕೆ ಬಲ ಸಾಲದು ಅಂತ ಲೆಕ್ಕ ಹಾಕಿದೆ. ಬಲ ಬೇಕು ಅಂದರೆ ದಪ್ಪ ಬೇಕು. 3 ಮಿ.ಮೀ. ಇದ್ದದ್ದನ್ನು 4.5 ಮಾಡಿದೆ. ಅಲಗು ತೆರೆಯಲು ಉಗುರು ಕಿತ್ತು ಬರುವಷ್ಟು ಬಿಗಿಯಾಯಿತು. ಅದೇ ಸಂಜೆ ಆರನೆಯದೋ ಏಳನೆಯದೋ ಸಲ ತೆರೆಯುವಾಗ ಸ್ಪ್ರಿಂಗ್ 'ಟಣ್' ಅಂತ ಎರಡು ತುಂಡಾಯಿತು.

ಆ ಎರಡು ತುಂಡು, ಸೋತ ಸ್ಪ್ರಿಂಗ್, ಎರಡನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಆಲ್ದೂರು ಕಡೆಯ ಒಬ್ಬ ಆಚಾರ್ರ ಕುಲುಮೆಗೆ ಹೋದೆ. ತೋಟಗಳಿಗೆ ಕತ್ತಿ, ಮಚ್ಚು, ಕುಡುಗೋಲು ಮಾಡಿಕೊಡುವವರು. ವಯಸ್ಸು ಎಪ್ಪತ್ತು ದಾಟಿದೆ. ಮುರಿದ ಲಾರಿ ಸ್ಪ್ರಿಂಗ್ ಪ್ಲೇಟಿನ ರಾಶಿ ಕುಲುಮೆ ಪಕ್ಕದಲ್ಲೇ ಬಿದ್ದಿರುತ್ತದೆ. ಮಡಚುವ ಚಾಕುವನ್ನು ಅವರು ಜೀವಮಾನದಲ್ಲಿ ಮಾಡಿಲ್ಲ. ಆದರೆ ಅವರ ತಂದೆ ಕೋವಿ ರಿಪೇರಿ ಮಾಡುತ್ತಿದ್ದರಂತೆ. ಕೋವಿಯ ಕುದುರೆಯನ್ನು, ಅಂದರೆ ಮದ್ದು ಹೊತ್ತಿಸಲು ಬಡಿಯುವ ಸುತ್ತಿಗೆಯನ್ನು, ಹೊಡೆಸುವುದೂ ಇಂಥದ್ದೇ ಚಪ್ಪಟೆ ಸ್ಪ್ರಿಂಗು. ಮಲೆನಾಡಿನಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮನೆಗಳು ಎಷ್ಟಿದ್ದವು, ಅಲ್ವಾ? ಆ ಸ್ಪ್ರಿಂಗ್ ಮುರಿದರೆ ಎಲ್ಲಿಂದಲೂ ತರಿಸುವ ಹಾಗಿರಲಿಲ್ಲ. ಊರ ಆಚಾರ್ರೇ ಮಾಡಬೇಕಿತ್ತು.

ಅವರು ಮುರಿದ ತುಂಡನ್ನು ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ನೋಡಪ್ಪ, ಬಾಯಲ್ಲಿ ಸಕ್ಕರೆ ಕಾಣ್ತದೆ" ಅಂದರು. ನಿಜ. ಮುರಿದ ಜಾಗ ಹರಳು ಹರಳಾಗಿ ಮಿನುಗುತ್ತಿತ್ತು. ಕೆಂಪು ಮೀರಿ ಕಾಯಿಸಿದರೆ ಉಕ್ಕಿನ ಒಳಗಿನ ಕಣಗಳು ಬೆಳೆದು ದಪ್ಪ ಆಗುತ್ತವೆ. ದಪ್ಪ ಕಣದ ಉಕ್ಕು ಸುಲಭಕ್ಕೆ ಬಿರಿಯುತ್ತದೆ. ಸರಿಯಾಗಿ ಕಾದ ಉಕ್ಕು ಮುರಿದರೆ ಒಳಗೆ ಮಂಕಾದ ಬೂದು ಬಣ್ಣ, ಬೂದಿ ಮೆತ್ತಿದ ಹಾಗೆ ನಯ. ಆಮೇಲೆ ಅವರು ಉಗುರಿನಿಂದ ಒಳಮೂಲೆಯನ್ನು ತಡವಿದರು. ನಡುವಿನ ಪಿನ್ನಿನ ಹತ್ತಿರ ನಾನು ಚೌಕ ಅರ ಹಾಕಿ ಮೂಲೆ ತೆಗೆದಿದ್ದೆ. ಅಲ್ಲಿ ಅಡ್ಡಡ್ಡ ಒಂದು ಗೀರು ಉಳಿದಿತ್ತು. ಬಿರುಕು ಶುರುವಾದದ್ದು ಅಲ್ಲಿಂದಲೇ. "ಬಾಳೆಪಟ್ಟೆನ ಉದ್ದಕ್ಕೆ ಗೀರಿದ್ರೆ ಏನಾಗಲ್ಲ. ಅಡ್ಡಕ್ಕೆ ಗೀರಿ ಬಗ್ಸು, ಗೊತ್ತಾಗ್ತದೆ" ಅಂದರು. ಆವತ್ತಿನಿಂದ ನಾನು ಸ್ಪ್ರಿಂಗಿನ ಮೇಲೆ ಸ್ಯಾಂಡ್ ಪೇಪರನ್ನು ಅಡ್ಡಕ್ಕೆ ಎಳೆದಿಲ್ಲ. ಒಳಮೂಲೆಗೆಲ್ಲ ಗುಂಡು ಅರ.

ದಪ್ಪ ಮಾಡಿದ ವಿಷಯ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ದಪ್ಪ ಮಾಡಿದಷ್ಟೂ ಅದಕ್ಕೆ ನೋವು ಜಾಸ್ತಿ" ಅಂದರು.

ಆ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿತು. ಮನೆಗೆ ಬಂದು ಒಂದು ಪರೀಕ್ಷೆ ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ತಿಳುವಳಿಕೆ ತಿರುಗಿದ್ದು ಇಲ್ಲೇ. 1 ಮಿ.ಮೀ. ದಪ್ಪ, 12 ಮಿ.ಮೀ. ಅಗಲದ ಎರಡು ಪಟ್ಟಿ ತೆಗೆದುಕೊಂಡೆ. ಒಂದೇ ಉಕ್ಕು. ಒಂದನ್ನು ಬೂದಿಯಲ್ಲಿ ಹೂತು ತಣಿಸಿ ಮೆತ್ತಗೆ ಮಾಡಿದೆ. ಇನ್ನೊಂದಕ್ಕೆ ಎಣ್ಣೆ ಕುಡಿಸಿ ಹದ ಕೊಟ್ಟೆ. ಎರಡನ್ನೂ ಬೆಂಚ್ ವೈಸಿನಲ್ಲಿ ಒಂದೊಂದಾಗಿ ಕಚ್ಚಿಸಿ, 150 ಮಿ.ಮೀ. ಹೊರಗೆ ಚಾಚಿರುವಂತೆ ಬಿಟ್ಟು, ತುದಿಗೆ 200 ಗ್ರಾಂ ಬಟ್ಟು ನೇತುಹಾಕಿದೆ. ಹಿಂದೆ ಸ್ಕೇಲ್ ನಿಲ್ಲಿಸಿದ್ದೆ. ಹದವಾದ ಪಟ್ಟಿ 11 ಮಿ.ಮೀ. ಬಗ್ಗಿತು. ಮೆತ್ತಗಿನ ಪಟ್ಟಿ ಎಷ್ಟು ಬಗ್ಗೀತು ಹೇಳಿ? ಅದೂ 11.

ನಾನು ಮೂರು ಸಲ ಬದಲಾಯಿಸಿ ಬದಲಾಯಿಸಿ ನೋಡಿದೆ. ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಆಮೇಲೆ ಒಂದು ಕೆ.ಜಿ. ಬಟ್ಟು ಹಾಕಿದೆ. ಎರಡೂ ಚೆನ್ನಾಗಿ ಜೋತುಬಿದ್ದವು. ಬಟ್ಟು ತೆಗೆದಾಗ ಹದವಾದದ್ದು ಪುಟಿದು ನೆಟ್ಟಗೆ ನಿಂತಿತು. ಮೆತ್ತಗಿನದು ಬಗ್ಗಿದ ಹಾಗೇ ಉಳಿಯಿತು.

ಅಂದರೆ ಹದ ಹಾಕುವುದರಿಂದ ಸ್ಪ್ರಿಂಗಿಗೆ ಬಲ ಬರುವುದಿಲ್ಲ. ಒಂದು ತೂಕಕ್ಕೆ ಉಕ್ಕು ಎಷ್ಟು ಬಗ್ಗುತ್ತದೆ ಅನ್ನುವುದು ಅದರ ಹುಟ್ಟುಗುಣ. ಮೆತ್ತಗಿರಲಿ, ಗಟ್ಟಿಯಾಗಿರಲಿ, ಅದು ಬದಲಾಗುವುದಿಲ್ಲ. ಬೆಂಕಿ, ಎಣ್ಣೆ, ಮತ್ತೆ ಬೆಂಕಿ, ಇಷ್ಟೆಲ್ಲ ಕಷ್ಟಪಟ್ಟು ನಾವು ಅದಕ್ಕೆ ಕೊಡುವುದು ಒಂದೇ ಒಂದು ಗುಣ. ಇನ್ನೂ ಹೆಚ್ಚು ದೂರ ಬಗ್ಗಿದರೂ ವಾಪಸ್ ಬರುವ ಗುಣ. ರಾಬರ್ಟ್ ಹುಕ್ ಇದರ ಮೊದಲ ಭಾಗವನ್ನು 17ನೇ ಶತಮಾನದಲ್ಲೇ ಹೇಳಿದ್ದ. 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ. ಎರಡು ವರ್ಷ ಬಿಟ್ಟು 1678ರಲ್ಲಿ ಬಿಡಿಸಿ ಹೇಳಿದ: ಎಳೆತ ಎಷ್ಟೋ ಬಲವೂ ಅಷ್ಟೇ. ನಾವೆಲ್ಲ ಇದನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ನನಗೆ ಅರ್ಥ ಆದದ್ದು ಮಾತ್ರ ನಲವತ್ತೆರಡನೇ ವಯಸ್ಸಿನಲ್ಲಿ, ತಕ್ಕಡಿ ಬಟ್ಟು ನೇತುಹಾಕಿದಾಗ.

ಹಾಗಾದರೆ ಬಲ ಎಲ್ಲಿಂದ? ದಪ್ಪದಿಂದಲೇ. ಅದೂ ಘನದ ಲೆಕ್ಕದಲ್ಲಿ. 3 ಮಿ.ಮೀ. ಸ್ಪ್ರಿಂಗಿನ ಹೊಟ್ಟೆಯನ್ನು ಅರ ಹಾಕಿ 2.7ಕ್ಕೆ ಇಳಿಸಿದರೆ ಹತ್ತರಲ್ಲಿ ಒಂದು ಪಾಲು ಉಕ್ಕು ಹೋಯಿತು, ಆದರೆ ಬಿಗಿ ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಅದಕ್ಕೇ ಕೊನೆಯಲ್ಲಿ ಅರವನ್ನು ನಾಲ್ಕು ಎಳೆತ ಎಳೆದು, ಜೋಡಿಸಿ, ತೆರೆದು ನೋಡಿ, ಮತ್ತೆ ನಾಲ್ಕು ಎಳೆತ ಎಳೆಯಬೇಕು. ಇನ್ನೊಂದು ಕಡೆ, ಚಾಕುವಿನಲ್ಲಿ ಸ್ಪ್ರಿಂಗ್ ಬಗ್ಗುವ ದೂರ ಗೊತ್ತಾದದ್ದೇ, ಅದು 2 ಮಿ.ಮೀ. ಪಟ್ಟಿ ದಪ್ಪ ಇದ್ದರೂ ಅಷ್ಟೇ, ತೆಳು ಇದ್ದರೂ ಅಷ್ಟೇ. ಅಷ್ಟೇ ದೂರ ಬಗ್ಗುವಾಗ ದಪ್ಪ ಪಟ್ಟಿಯ ಹೊರಮೈ ಜಾಸ್ತಿ ಹಿಗ್ಗಬೇಕು. ದಪ್ಪ ಒಂದೂವರೆ ಪಟ್ಟು ಆದರೆ ಮೈಮೇಲಿನ ಎಳೆತವೂ ಒಂದೂವರೆ ಪಟ್ಟು. ಆಚಾರ್ರು ನೋವು ಅಂದದ್ದು ಇದನ್ನೇ. ಸ್ಪ್ರಿಂಗ್ ಮುರಿಯುತ್ತದೆ ಅಂತ ದಪ್ಪ ಮಾಡಿದರೆ ಇನ್ನೂ ಬೇಗ ಮುರಿಯುತ್ತದೆ. ತೆಳು ಮಾಡಬೇಕು, ಅಥವಾ ತೋಳು ಉದ್ದ ಮಾಡಬೇಕು.

ನಾಲ್ಕನೇ ಸ್ಪ್ರಿಂಗನ್ನು ಆಚಾರ್ರ ಕುಲುಮೆಯಲ್ಲೇ ಮಾಡಿದೆ. ಸಂಜೆ ಆರೂವರೆ ಆದಮೇಲೆ ಬಾ ಅಂದಿದ್ದರು. ಬಿಸಿಲಿನಲ್ಲಿ ಕೆಂಪು ಕಾಣುವುದಿಲ್ಲ. ಇದ್ದಿಲ ಬೆಂಕಿಯಲ್ಲಿ ಸ್ಪ್ರಿಂಗನ್ನು ಮೆಲ್ಲಗೆ ಕಾಯಿಸಿದೆವು. ನಾನು ತಂತಿಗೆ ಕಟ್ಟಿದ ಅಯಸ್ಕಾಂತ ಹಿಡಿದು ಕೂತಿದ್ದೆ. ಶುದ್ಧ ಕಬ್ಬಿಣ 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಇಂಗಾಲ ಇರುವ ಈ ಉಕ್ಕು ಅದಕ್ಕಿಂತ ಸ್ವಲ್ಪ ಮುಂಚೆ. ಅಲ್ಲಿಂದ ಇನ್ನೂ ಸ್ವಲ್ಪ ಮೇಲಕ್ಕೆ ಹೋಗಬೇಕು, ಆದರೆ ಎಷ್ಟು? ಅದಕ್ಕೆ ಉಪ್ಪು ಇದೆ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಗೆ. ಪಕ್ಕದಲ್ಲಿ ಅದೇ ಪಟ್ಟಿಯ ಒಂದು ಚೂರು ಇಟ್ಟು ಅದರ ಮೇಲೆ ಚಿಟಿಕೆ ಉಪ್ಪು ಉದುರಿಸಿದೆ. ಹರಳುಗಳು ಮೊದಲು ಚಟಚಟ ಸಿಡಿದವು, ಆಮೇಲೆ ಸುಮ್ಮನಾದವು. ಒಂದು ಕ್ಷಣದಲ್ಲಿ ಬೆವರಿನ ಹನಿಯ ಹಾಗೆ ಕರಗಿ ಹರಡಿದವು. ಆಚಾರ್ರು ಅದನ್ನು ನೋಡುತ್ತಲೇ ಇರಲಿಲ್ಲ. ಅವರು ಸ್ಪ್ರಿಂಗಿನ ಬಣ್ಣ ನೋಡುತ್ತಿದ್ದರು. ನಾನು "ಈಗ" ಅನ್ನುವುದಕ್ಕೂ ಅವರು ಇಕ್ಕಳ ಎತ್ತುವುದಕ್ಕೂ ಸರಿಹೋಯಿತು. ಐವತ್ತು ವರ್ಷ ಬೆಂಕಿ ನೋಡಿದ ಕಣ್ಣು ಅದು.

ಎಣ್ಣೆ ಹೊಂಗೆಯದು. ಮೊದಲೇ ಉಗುರುಬೆಚ್ಚಗಿಂತ ಜಾಸ್ತಿ ಬಿಸಿ ಮಾಡಿಟ್ಟಿದ್ದರು. ತಣ್ಣಗಿನ ಎಣ್ಣೆ ಮಂದ, ಉಕ್ಕಿನ ಶಾಖವನ್ನು ಬೇಗ ಎಳೆದುಕೊಳ್ಳುವುದಿಲ್ಲ. ಸ್ಪ್ರಿಂಗನ್ನು ನೆಟ್ಟಗೆ, ತುದಿ ಕೆಳಗೆ ಮಾಡಿ ಇಳಿಸಿದರು. ಅಡ್ಡ ಇಳಿಸಿದರೆ ಸೊಟ್ಟಗಾಗುತ್ತದೆ. ಕಹಿ ವಾಸನೆಯ ಹೊಗೆ ಎದ್ದಿತು. ಹೊರಗೆ ತೆಗೆದು ಅರ ಇಟ್ಟರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು.

ಆಮೇಲಿನದೇ ನಾನು ನೋಡಬೇಕು ಅಂತ ಹೋದದ್ದು. ಅವರು ಸ್ಪ್ರಿಂಗನ್ನು ಮತ್ತೆ ಹೊಂಗೆ ಎಣ್ಣೆಯಲ್ಲಿ ಅದ್ದಿ, ಒಂದು ದಪ್ಪ ಕಬ್ಬಿಣದ ತಟ್ಟೆಯ ಮೇಲಿಟ್ಟು ಬೆಂಕಿ ಮೇಲೆ ಹಿಡಿದರು. ಎಣ್ಣೆ ಹೊಗೆಯಾಡಿತು. ಹೊಗೆ ದಟ್ಟವಾಯಿತು. ಇದ್ದಕ್ಕಿದ್ದ ಹಾಗೆ ಎಣ್ಣೆ ತಾನೇ ಹತ್ತಿಕೊಂಡಿತು. ಸ್ಪ್ರಿಂಗಿನುದ್ದಕ್ಕೂ ದೀಪದ ಬತ್ತಿಯ ಹಾಗೆ ಹಳದಿ ಉರಿ. ಉರಿದು ಒಣಗಿದ ಮೇಲೆ ಮತ್ತೆ ಎಣ್ಣೆ, ಮತ್ತೆ ಉರಿ. ಒಟ್ಟು ಮೂರು ಸಲ. ಅವರ ತಂದೆ ಕೋವಿ ಸ್ಪ್ರಿಂಗಿಗೆ ಮಾಡುತ್ತಿದ್ದದ್ದು ಹೀಗೇ. ಎಣ್ಣೆ ಮೈಯೆಲ್ಲ ಒಂದೇ ಸಮ ಉರಿಯುವುದರಿಂದ ತೆಳು ತುದಿ, ದಪ್ಪ ನಡು ಎರಡಕ್ಕೂ ಶಾಖ ಸಮ ಬೀಳುತ್ತದೆ. ನನ್ನ ಟಾರ್ಚು ಮಾಡದೇ ಇದ್ದದ್ದು ಇದನ್ನೇ. ಮಸಿ ಒರೆಸಿ ಒಂದು ಮೂಲೆ ಉಜ್ಜಿ, ಮತ್ತೆ ಸ್ವಲ್ಪ ಕಾಯಿಸಿ ಬಣ್ಣ ತೋರಿಸಿದರು. ಹುಲ್ಲಿನ ಹಳದಿ ಬಂತು, ಕಂದು ಬಂತು, ನೇರಳೆ ಬಂತು. ಆಮೇಲೆ ಕಡುನೀಲಿ. "ಚಾಕಿನ ಬಾಯಿಗೆ ಹಳದಿ ಸಾಕು. ಇದು ನವಿಲಿನ ಕೊರಳು ದಾಟ್ಬೇಕು" ಅಂದರು.

ಪುಸ್ತಕದ ಭಾಷೆಯಲ್ಲಿ ಹೇಳಿದರೆ ಹುಲ್ಲಿನ ಹಳದಿ 220 ಡಿಗ್ರಿ ಆಸುಪಾಸು, ನೀಲಿ 300 ಆಸುಪಾಸು. ಬಣ್ಣ ಉಕ್ಕಿನದಲ್ಲ. ಗಾಳಿ ತಾಗಿ ಮೈಮೇಲೆ ಕೂರುವ ತೆಳ್ಳನೆಯ ಪೊರೆಯದು. ಮಳೆಯಲ್ಲಿ ರಸ್ತೆ ಮೇಲೆ ಡೀಸೆಲ್ ಬಿದ್ದಾಗ ಬಣ್ಣ ಕಾಣುವುದಿಲ್ಲವೇ, ಅದೇ ರೀತಿ. ಹೆಚ್ಚು ಹೊತ್ತು ಇಟ್ಟರೆ ಕಡಿಮೆ ಶಾಖದಲ್ಲೂ ಪೊರೆ ದಪ್ಪ ಆಗಿ ಬಣ್ಣ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಬಣ್ಣ ಓದುವುದಕ್ಕೆ ಹೊತ್ತಿನ ಅಂದಾಜೂ ಬೇಕು. ಆಚಾರ್ರಿಗೆ ಅದು ಇದೆ. ನನಗಿಲ್ಲ.

ನಾನು ಮನೆಯಲ್ಲಿ ಬೇರೆ ದಾರಿ ಮಾಡಿಕೊಂಡೆ. ಪುರಿ ಭಟ್ಟಿಯಲ್ಲಿ ಬಾಣಲೆ ತುಂಬ ಮರಳು ಕಾಯಿಸಿ ಅಕ್ಕಿ ಹುರಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಕಾಳೂ ಸೀಯದೆ ಎಲ್ಲ ಒಂದೇ ಸಮ ಅರಳುತ್ತದೆ. ಅದೇ ಉಪಾಯ. ಹಳೇ ಕಬ್ಬಿಣದ ಬಾಣಲೆಯಲ್ಲಿ ಜರಡಿ ಹಿಡಿದ ಮರಳು, ಅದರೊಳಗೆ ಶಾಖ ಅಳೆಯುವ ಥರ್ಮೋಕಪಲ್ ತಂತಿ, ಕೆಳಗೆ ಗ್ಯಾಸ್ ಒಲೆ. 350 ಡಿಗ್ರಿಗೆ ಬಂದು ನಿಂತ ಮೇಲೆ ಸ್ಪ್ರಿಂಗನ್ನು ಹೂತು ಅರ್ಧ ಗಂಟೆ ಬಿಡುತ್ತೇನೆ. ತಣಿಸಿ ಇನ್ನೊಂದು ಸಲ. ಕೆಲವು ಕಡೆ ಕರಗಿದ ಸೀಸದಲ್ಲಿ ಅದ್ದುವ ಪದ್ಧತಿ ಇತ್ತು. ಸೀಸ ಕರಗುವುದೇ 327 ಡಿಗ್ರಿಗೆ, ಹಾಗಾಗಿ ಶಾಖ ಅಳೆಯುವ ಕಷ್ಟ ಕಡಿಮೆ. ಆದರೆ ಸೀಸದ ಹೊಗೆ ವಿಷ. ಮನೆಯಲ್ಲಿ ಮಕ್ಕಳಿರುವವರು ಅದರ ಹತ್ತಿರ ಹೋಗಲೇಬಾರದು. ಎಣ್ಣೆ ಉರಿಸುವುದನ್ನೂ ಬಯಲಿನಲ್ಲೇ ಮಾಡಿ, ಡಬ್ಬಕ್ಕೆ ಮುಚ್ಚಳ ಕೈಗೆಟಕುವಲ್ಲಿ ಇಟ್ಟುಕೊಳ್ಳಿ.

ಹದ ಅನ್ನುವ ಪದವನ್ನು ನಾವು ಎಷ್ಟು ಕಡೆ ಬಳಸುತ್ತೇವೆ. ಭೂಮಿ ಹದಕ್ಕೆ ಬಂತು ಅಂತೀವಿ. ಬೆಲ್ಲದ ಹದ, ಹಿಟ್ಟಿನ ಹದ, ಹುರಿದ ಕಾಫಿಯ ಹದ. ನಮ್ಮ ಕಾರ್ಖಾನೆಯಲ್ಲಿ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ಬಿಡಿಸದ ಕಾಫಿ ಬೀಜ, ಒಣಗಿದೆಯಾ ಅಂತ ಹಳಬರು ಬೀಜ ಕಚ್ಚಿ ನೋಡುತ್ತಾರೆ, ಆಮೇಲೆ ಮೆಷಿನ್ನಿನ ಅಂಕಿ ನೋಡುತ್ತಾರೆ. ನಾನು ಎರಡನ್ನೂ ನಂಬುತ್ತೇನೆ. ಕುಲುಮೆಯಲ್ಲೂ ಹಾಗೇ ಆಯಿತು. ಆಚಾರ್ರ ಸ್ಪ್ರಿಂಗ್ ಒಂದು, ನನ್ನ ಮರಳಿನ ಸ್ಪ್ರಿಂಗ್ ಒಂದು, ಎರಡನ್ನೂ ವೈಸಿನಲ್ಲಿ ಕಚ್ಚಿಸಿ 3 ಮಿ.ಮೀ. ಬಗ್ಗಿಸಿ ಇಡೀ ರಾತ್ರಿ ಬಿಟ್ಟೆ. ಚಾಕುವಿನಲ್ಲಿ ಬಗ್ಗುವುದಕ್ಕಿಂತ ಒಂದೂವರೆ ಪಟ್ಟು. ಬೆಳಗ್ಗೆ ಬಿಟ್ಟು ವರ್ನಿಯರ್ ಹಿಡಿದರೆ ಎರಡೂ ಮೊದಲಿದ್ದ ಜಾಗಕ್ಕೇ ಬಂದು ನಿಂತಿದ್ದವು.

ಚಿಕ್ಕಮ್ಮನ ಚಾಕುವಿಗೆ ಆಚಾರ್ರ ಸ್ಪ್ರಿಂಗನ್ನೇ ಹಾಕಿದೆ. ಹೊಟ್ಟೆಯ ಹತ್ತಿರ 2.8ಕ್ಕೆ ಇಳಿಸಿದೆ. ಉದ್ದಕ್ಕೆ ಮಾತ್ರ ಉಜ್ಜಿ, ಮುಖ ಕಾಣುವಷ್ಟು ನುಣುಪು ಮಾಡಿದೆ. ಜುಲೈ ಮೊದಲ ವಾರ, ಜೋರು ಮಳೆಯಲ್ಲಿ, ನರ್ಸರಿಗೆ ಹೋಗಿ ಕೊಟ್ಟೆ. ಅವರು ಗೋಣಿತಾಟಿನ ಮೇಲೆ ಕೂತು ಹಿಪ್ಪಲಿ ಕಸಿ ಕಟ್ಟುತ್ತಿದ್ದರು. ಚಾಕು ತೆರೆದರು. ಮುಚ್ಚಿದರು. ಮತ್ತೆ ತೆರೆದು ಕಿವಿಯ ಹತ್ತಿರ ಹಿಡಿದು ಮುಚ್ಚಿದರು. ಒಂದು ಕುಡಿ ತೆಗೆದುಕೊಂಡು ಸೀಳಿದರು, ತಿರುಗಿಸಿ ಇನ್ನೊಂದು ಕಡೆ ಸೀಳಿದರು. ಹಸಿರು ಗಾಯ ಕನ್ನಡಿಯ ಹಾಗೆ ಹೊಳೆಯಿತು. "ಊಟ ಮಾಡಿ ಹೋಗು" ಅಂದರು.

ಈ ಏಪ್ರಿಲ್ಲಿನಲ್ಲಿ ಚಾಕು ಮತ್ತೆ ನನ್ನ ಹತ್ತಿರ ಬಂತು. ಎದೆ ಧಸಕ್ ಅಂದಿತು. ಸಾಣೆ ಹಿಡಿಸಲು ಕಳಿಸಿದ್ದರು, ಅಷ್ಟೇ. ಪಿನ್ನು ಬಿಚ್ಚಿ ಸ್ಪ್ರಿಂಗನ್ನು ಹೊರತೆಗೆದು, ಮೊದಲು ಬರೆದಿಟ್ಟಿದ್ದ ಅಳತೆಯ ಪಕ್ಕ ಇಟ್ಟು ನೋಡಿದೆ. ಒಂದು ಕೂದಲೆಳೆಯಷ್ಟೂ ಬಗ್ಗಿರಲಿಲ್ಲ. ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಅಲಗಿಗೆ ಸಾಣೆ ಹಿಡಿದು, ಮಾರನೇ ದಿನದ ಬಸ್ಸಿನಲ್ಲಿ ಕಳಿಸಿಕೊಟ್ಟೆ.